ಎಪ್ಪತ್ತೆರಡೋ ಎಂಬತ್ತೇಳೋ

ಮಾರ್ಚ್ 4, ಸೋಮವಾರ

ಹೊಸದಾಗಿ ಸೇರಿದ ಸಂಶೋಧಕಿಗೆ ಪ್ರಯೋಗಾಲಯದಲ್ಲಿ ಮೂರೇ ದಿನಕ್ಕೆ ‘ಪಾದರಸ’ ಎಂದು ಹೆಸರು ಬಿದ್ದಿದೆ. ನಿಂತಲ್ಲಿ ನಿಲ್ಲುವವಳಲ್ಲ. ಇವತ್ತು ನಾನು ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ ಬಂದು ಮೇಜಿನ ಮೇಲೆ ಗ್ರಾಫೊಂದನ್ನು ಹರಡಿದಳು.

"ಅಕ್ಕಾ, ನನ್ನ ಹದಿನೈದು ನ್ಯಾನೋಮೀಟರ್ ಪದರ ಎಂಬತ್ತೇಳು ಡಿಗ್ರಿಗೆ ಗಾಜಾಗ್ತಿದೆ. ನಿಮ್ಮದು ಎಪ್ಪತ್ತೆರಡು. ನಾನೆಲ್ಲಿ ತಪ್ಪಿದೀನಿ ಹೇಳಿ."

"ಬಿಸಿ ಸರಿಯಾಗಿ ಕೊಟ್ಟಿರಲ್ಲ ನೀನು. ಇನ್ನೊಮ್ಮೆ ಮಾಡು."

"ಮೂರು ಸಲ ಮಾಡ್ದೆ."

"ಹಾಗಾದ್ರೆ ನಾಲ್ಕನೇ ಸಲ ಮಾಡು. ನನ್ನ ಅನ್ನ ಆರ್ತಿದೆ."

ಹತ್ತೊಂಬತ್ತು ವರ್ಷದಿಂದ ಆ ಯಂತ್ರದ ಮುಂದೆ ಕೂತವಳು ನಾನು. ಎಪ್ಪತ್ತೆರಡು ಎನ್ನುವುದು ನಮ್ಮಲ್ಲಿ ಬರೀ ಅಂಕಿಯಲ್ಲ. ಕಾರಿಡಾರಿನಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ ಗ್ರಾಫಿನ ಕೊನೆಯ ಚುಕ್ಕಿ ಅದು. ಪ್ರೊಫೆಸರರಿಗೆ ಹೆಸರು ತಂದದ್ದೂ ಅದೇ. ಅಳೆದದ್ದು ನಾನಾದರೂ ವಿದ್ಯೆ ಅವರದು. ನಾನು ಗುಂಡಿ ಒತ್ತುವವಳು, ಅಷ್ಟೆ. ಮುಂದಿನ ತಿಂಗಳು ಇಪ್ಪತ್ತಾರಕ್ಕೆ ಅವರ ನಿವೃತ್ತಿಯ ಉಪನ್ಯಾಸ. ಈಗ ಈ ಹುಡುಗಿಯ ಎಂಬತ್ತೇಳು ಯಾರಿಗೆ ಬೇಕಿತ್ತು?

ಮಾರ್ಚ್ 5, ಮಂಗಳವಾರ

ಅತ್ತೆಗೆ ಒಂದು ಕಿವಿ ಕೇಳಿಸದು. ಕೇಳಿಸುವ ಕಿವಿ ಎರಡರ ಕೆಲಸ ಮಾಡುತ್ತದೆ. ನಾನು ನಮ್ಮ ಯಜಮಾನರ ಹತ್ತಿರ ಎಂಬತ್ತೇಳರ ವಿಷಯ ಗೊಣಗಿದ್ದು ಅಡುಗೆಮನೆಯಿಂದಲೇ ಕೇಳಿಸಿಕೊಂಡರು.

"ನಿಮ್ಮ ಗಾಜಿನ ಫ್ಯಾಕ್ಟರೀಲಿ ಏನಾಯ್ತೇ?"

ನಾನು ಕಿಟಕಿ ಗಾಜು ಮಾಡುತ್ತೇನೆಂದೇ ಅವರು ಇಷ್ಟು ವರ್ಷವೂ ತಿಳಿದಿದ್ದಾರೆ. ಇವತ್ತು ಹಠ ಹಿಡಿದು ತಿಳಿಸಿ ಹೇಳಿದೆ. ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟವೊಂದನ್ನು ಕೈಗೆ ಕೊಟ್ಟು, "ಇದನ್ನ ಚೆನ್ನಾಗಿ ಬಿಸಿ ಮಾಡಿದ್ರೆ ಏನಾಗತ್ತೆ?" ಎಂದೆ.

"ಮೆತ್ತಗಾಗತ್ತೆ."

"ಆರಿದ್ರೆ?"

"ಗಟ್ಟಿಯಾಗತ್ತೆ. ಇದನ್ನ ಹೇಳೋಕೆ ನಿಂಗೆ ಸಂಬಳ ಕೊಡ್ತಾರಾ?"

ಇದರೊಳಗೆ ಸಿಕ್ಕುಬಿದ್ದ ದಾರದ ಹಾಗೆ ಉದ್ದುದ್ದ ಅಣುಗಳಿರುತ್ತವೆ, ಬಿಸಿಯಲ್ಲಿ ಒಂದರ ಮೇಲೊಂದು ಜಾರಾಡುತ್ತವೆ, ಸುಮಾರು ನೂರು ಡಿಗ್ರಿಗೆ ಇಳಿದಾಗ ಇದ್ದಲ್ಲೇ ಬಿಗಿದುಕೊಳ್ಳುತ್ತವೆ, ಅದನ್ನೇ ಗಾಜಾಗುವುದು ಎನ್ನುತ್ತೇವೆ ಎಂದೆ. ಆದರೆ ಐದು ಸಾವಿರ ಪದರ ಪೇರಿಸಿದರೆ ಒಂದು ತಲೆಗೂದಲಿನ ದಪ್ಪವಾಗಬೇಕು, ಅಷ್ಟು ತೆಳ್ಳಗೆ ಸಿಲಿಕಾನ್ ಬಿಲ್ಲೆಯ ಮೇಲೆ ಹರಡಿದರೆ ನೂರಕ್ಕೆ ಗಾಜಾಗುವುದಿಲ್ಲ; ಇನ್ನೂ ತಣ್ಣಗಾಗಬೇಕು. ಮೇಲ್ಮೈಯಲ್ಲಿರುವ ಅಣುಗಳನ್ನು ಮೇಲಿನಿಂದ ಹಿಡಿದುಕೊಳ್ಳುವವರು ಯಾರೂ ಇಲ್ಲವಲ್ಲ, ಅವು ಇನ್ನೂ ಅಲ್ಲಾಡುತ್ತಲೇ ಇರುತ್ತವೆ. ಪದರ ತೆಳ್ಳಗಾದಷ್ಟೂ ಅಂಥವುಗಳದೇ ರಾಜ್ಯ.

"ಅಂದ್ರೆ ಜಾಗ ಇಕ್ಕಟ್ಟಾದಷ್ಟೂ ಓಡಾಟ ಜಾಸ್ತಿ ಅನ್ನು" ಎಂದರು ಅತ್ತೆ. "ಎರಡು ಕೋಣೆ ಮನೇಲಿ ಮೂರು ಜನ ಇದೀವಿ. ನಂಗೆ ಗೊತ್ತಿಲ್ವಾ?"

ಅದು ನಿನಗೆ ಹೇಗೆ ಕಾಣುತ್ತದೆ ಎಂದೂ ಕೇಳಿದರು. ಕಾಣುವುದಿಲ್ಲ. ಪದರದ ಮೇಲೆ ಬೆಳಕು ಬಿಟ್ಟರೆ, ಮರಳಿ ಬಂದ ಬೆಳಕಿನಿಂದ ಯಂತ್ರ ದಪ್ಪ ಹೇಳುತ್ತದೆ. ಆರುತ್ತ ಹೋದ ಹಾಗೆ ಪದರ ಕುಗ್ಗುತ್ತದೆ. ಕುಗ್ಗುವ ಗೆರೆ ಒಂದು ಕಡೆ ಮುರಿದು ಚಪ್ಪಟೆಯಾಗುತ್ತದೆ. ಆ ಮುರಿವೇ ಉತ್ತರ. ನೂರಾರು ಮುರಿವುಗಳನ್ನು ಬರೆದಿಟ್ಟಿದ್ದೇನೆ.

ಮಾರ್ಚ್ 7, ಗುರುವಾರ

ಪಾದರಸಳ ನಾಲ್ಕನೆಯ ಪದರವೂ ಎಂಬತ್ತೇಳೇ. ನನಗೆ ರೇಗಿತು. ಅವಳದೇ ಬಾಟಲಿಯ ದ್ರಾವಣ, ಅವಳದೇ ಬಿಲ್ಲೆ ತೆಗೆದುಕೊಂಡು ನಾನೇ ಪದರ ಮಾಡಿ, ನನ್ನ ಓವನ್‌ನಲ್ಲಿ ಗಾಳಿ ಹೀರಿ, ಬಿಸಿ ಕೊಟ್ಟು, ಅಳೆದೆ. ಎಪ್ಪತ್ತೆರಡು! ಬಂದ ಅಂಕಿಯನ್ನು ಅವಳ ಮೂಗಿನ ಮುಂದೆ ಹಿಡಿದೆ.

ಅವಳು ಸೋತ ಮುಖ ಮಾಡಲಿಲ್ಲ. "ಹಾಗಿದ್ರೆ ಬೇರೆ ಇರೋದು ಓವನ್ ಒಂದೇ ಅಕ್ಕ. ನಿಮ್ಮದು ಯಾವಾಗ್ಲೂ ಖಾಲಿ ಇರಲ್ಲ ಅಂತ ನಾನು ಮೇಲಿನ ಮಹಡಿಯ ಹೊಸದನ್ನ ಬಳಸ್ತಿದೀನಿ" ಎಂದು ನನ್ನ ಓವನ್ನಿನ ಬಾಗಿಲು ತೆರೆದಳು. ಬಾಗಿಲಂಚಿನ ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸಿ ಮೂಸಿದಳು.

"ಇದೇನಕ್ಕಾ?"

"ಗ್ರೀಸು."

"ಯಾವ ಗ್ರೀಸು?"

ಓವನ್ನಿನ ಬಾಗಿಲು ಮುಚ್ಚಿ, ಬೇರೆ ಕೆಲಸವಿದೆ ಎಂದು ಹೊರಟುಬಂದೆ. ಇಲ್ಲೂ ಬರೆಯಲು ಕೈ ಬರುತ್ತಿಲ್ಲ.

ಮಾರ್ಚ್ 9, ಶನಿವಾರ

ಬರೆದುಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಪ್ರಯೋಗಾಲಯದ ಗ್ರೀಸ್ ಮುಗಿದಿತ್ತು. ಆವಿಯಾಗದ ಜಾತಿಯ ವಿಶೇಷ ಗ್ರೀಸ್ ಅದು. ಬರಲು ಎರಡು ತಿಂಗಳು ಎಂದಿದ್ದರು. ಬಾಗಿಲ ಸಂದಿಯಲ್ಲಿ ಗಾಳಿ ಸೋರುತ್ತಿತ್ತು. ಇವರು ಲಿಫ್ಟ್ ರಿಪೇರಿಯವರು. ಮನೆಯ ಮೂಲೆಯಲ್ಲಿದ್ದ ಇವರ ಡಬ್ಬಿಯಿಂದ ಒಂದಿಷ್ಟು ಒಯ್ದು ಹಚ್ಚಿದೆ. ಸೋರಿಕೆ ನಿಂತೇ ಹೋಯಿತು. ಅಂದಿನಿಂದ ಪ್ರತಿ ಶನಿವಾರ, ಯಾರೂ ಹೇಳದಿದ್ದರೂ, ಪಟ್ಟಿ ಒರೆಸಿ ಹೊಸದಾಗಿ ಹಚ್ಚುತ್ತಿದ್ದೆ. ನನ್ನ ಓವನ್ ಉಸಿರು ಬಿಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ.

ಇವರಿಗೆ ಹೇಳಿದೆ. ಇವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ನನ್ನ ಗ್ರೀಸಿಂದ ನಿಮ್ಮ ವಿಜ್ಞಾನ ಜಾರಿ ಬಿತ್ತಾ?"

ನಗಿಸಲು ಹೇಳಿದ್ದು. ನನಗೆ ಅಳು ಬಂತು. ಇವರು ಗಾಬರಿಯಾಗಿ, "ಲೇ, ಇನ್ನೂ ಗೊತ್ತಿಲ್ವಲ್ಲ. ಮೊದ್ಲು ಪರೀಕ್ಷೆ ಮಾಡಿ ನೋಡು. ಲಿಫ್ಟ್ ನಿಂತ್ರೆ ನಾವು ಮೊದಲೇ ಮೋಟರ್‌ನ ಬೈತೀವಾ?" ಎಂದರು.

ಮಾರ್ಚ್ 13, ಬುಧವಾರ

ಹೊಸ ರಬ್ಬರ್ ಪಟ್ಟಿ. ಒಳಗೋಡೆಯನ್ನೆಲ್ಲ ಉಜ್ಜಿ, ಎರಡು ದಿನ ಬರಿದೇ ಕಾಯಿಸಿದ ಓವನ್. ಪದರ ಹದಿನೈದು ನ್ಯಾನೋಮೀಟರ್.

ಎಂಬತ್ತೇಳು.

ಇನ್ನೊಂದು. ಎಂಬತ್ತೇಳು.

ಪಟ್ಟಿಗೆ ಗ್ರೀಸ್ ಹಚ್ಚಿ ಮಾಡಿದೆ. ಎಪ್ಪತ್ಮೂರು.

ದಪ್ಪ ಪದರ ಮಾತ್ರ ಗ್ರೀಸಿದ್ದರೂ ನೂರು, ಇಲ್ಲದಿದ್ದರೂ ನೂರು. ಅದಕ್ಕೇ ಹನ್ನೊಂದು ವರ್ಷ ಯಾರಿಗೂ ಅನುಮಾನ ಬರಲಿಲ್ಲ. ಬಿಸಿಯಲ್ಲಿ ಎದ್ದ ಎಣ್ಣೆಯ ಆವಿ ಎಲ್ಲ ಬಿಲ್ಲೆಗಳ ಮೇಲೂ ಒಂದೇ ಅಳತೆಯಲ್ಲಿ ಕೂರುತ್ತದೆ. ಒಂದು ಹಿಡಿ ಉಪ್ಪು ಬಾವಿಗೆ ಬಿದ್ದರೆ ಯಾರಿಗೂ ತಿಳಿಯದು, ಲೋಟಕ್ಕೆ ಬಿದ್ದರೆ ಬಾಯಿಗಿಡಲಾಗದು. ಪದರ ತೆಳ್ಳಗಾದಷ್ಟೂ ಎಣ್ಣೆ ಅದನ್ನು ಮೆತ್ತಗೆ ಮಾಡಿದೆ. ನಾವು ಅದನ್ನು ಪ್ರಕೃತಿಯ ನಿಯಮವೆಂದು ಚೌಕಟ್ಟು ಹಾಕಿಸಿದೆವು.

ಪೂರ್ತಿ ಸುಳ್ಳಲ್ಲ. ನೂರರಿಂದ ಎಂಬತ್ತೇಳಕ್ಕೆ ಇಳಿಯುವುದು ನಿಜ. ಉಳಿದ ಹದಿನೈದು ಡಿಗ್ರಿ ನನ್ನ ಶ್ರದ್ಧೆ.

ಪಾದರಸ ನನ್ನ ಪಕ್ಕದಲ್ಲಿ ಮೊದಲ ಸಲ ಅಲ್ಲಾಡದೆ ಕೂತಿದ್ದಳು.

ಮಾರ್ಚ್ 15, ಶುಕ್ರವಾರ

ಪ್ರೊಫೆಸರರಿಗೆ ಹೇಳಿದೆ. ಬೆಳಗಿನಿಂದ ಮೂರು ಸಲ ಅವರ ಬಾಗಿಲ ತನಕ ಹೋಗಿ ವಾಪಸು ಬಂದಿದ್ದೆ. ಬೈಗುಳ ತಿನ್ನಲು ಸಿದ್ಧಳಾಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು.

"ಸರಿ. ನೀವು ಮನಸ್ಸಿಗೆ ಹಚ್ಚಿಕೋಬೇಡಿ. ಸದ್ಯಕ್ಕೆ ಯಾರಿಗೂ ಹೇಳೋದು ಬೇಡ. ಉಪನ್ಯಾಸ ಮುಗೀಲಿ, ನೋಡೋಣ."

ಒಂದು ಗಡಸು ಮಾತಿಲ್ಲ. ದೇವರಂಥ ಮನುಷ್ಯ. ನನ್ನ ಕೈಯಿಂದ ಅವರ ಹೆಸರಿಗೆ ಮಸಿ ಹತ್ತಿತಲ್ಲ ಎಂದು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಕಣ್ಣೀರು ಹಾಕಿದೆ.

ಮಾರ್ಚ್ 21, ಗುರುವಾರ

ಗ್ರೀಸ್ ಯಾವ ತಾರೀಖಿನಿಂದ ಶುರುವಾಯಿತೆಂದು ನಿಖರವಾಗಿ ಗೊತ್ತಾಗಲೆಂದು ನನ್ನ ಹಳೆಯ ಅಳತೆ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿದ್ದೆ. ಹುಡುಕಿದ್ದು ಸಿಕ್ಕಿತು. ಹುಡುಕದೆ ಇದ್ದದ್ದೂ ಸಿಕ್ಕಿತು.

ನಾಲ್ಕು ವರ್ಷದ ಹಿಂದಿನ ಪುಟ. ನನ್ನ ಅಕ್ಷರ: "ಪ್ರೊಫೆಸರು ಕೊಟ್ಟ ಎರಡು ಮಾದರಿ. ಹದಿನೈದು ನ್ಯಾನೋಮೀಟರ್. ಒಂದು: 86. ಎರಡು: 72." ಅದರ ಪಕ್ಕದಲ್ಲಿ ಪೆನ್ಸಿಲ್, ಅವರ ಅಕ್ಷರ: "ಒಂದು, ಓವನ್ನಿನೊಳಗೆ ಬಿಗಿ ಮುಚ್ಚಳದ ಉಕ್ಕಿನ ಡಬ್ಬಿಯಲ್ಲಿ. ಎರಡು, ತೆರೆದು. ಗ್ರಾಫಿಗೆ ಸೇರಿಸಬಾರದು."

ಮುಚ್ಚಿದ ಡಬ್ಬಿಯೊಳಗೆ ಓವನ್ನಿನ ಆವಿ ಹೋಗದು; ಅವರು ಆಗಲೇ ಓವನ್ನನ್ನು ಪರೀಕ್ಷಿಸಿ ನೋಡಿದ್ದರು. ಪುಸ್ತಕ ಮುಚ್ಚಿದೆ. ತೆರೆದೆ. ಅಲ್ಲೇ ಇತ್ತು.

ಆ ದಿನ ನೆನಪಿದೆ. ಅಂಕಿಗಳನ್ನು ತೋರಿಸಿದಾಗ "ಮಾದರಿ ಕೆಟ್ಟಿರ್ಬೇಕು, ಬಿಡಿ" ಎಂದಿದ್ದರು. ದಣಿದಿದ್ದೀರಿ, ಇವತ್ತು ಬೇಗ ಮನೆಗೆ ಹೋಗಿ ಎಂದೂ ಹೇಳಿದ್ದರು. ಎಷ್ಟು ಒಳ್ಳೆಯವರು ಎಂದುಕೊಂಡು ಬೇಗ ಮನೆಗೆ ಬಂದಿದ್ದೆ.

ಮಾರ್ಚ್ 22, ಶುಕ್ರವಾರ

ಕೆಲಸಕ್ಕೆ ಹೋಗಲಿಲ್ಲ. ತಲೆನೋವು ಎಂದೆ. ನಿಜವಾಗಿ ತಲೆನೋವು ಬಂತು.

ಏಪ್ರಿಲ್ 1, ಸೋಮವಾರ

ಹತ್ತು ದಿನ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ. ಇವತ್ತು ಪುಸ್ತಕವನ್ನು ಪ್ರೊಫೆಸರರ ಮೇಜಿನ ಮೇಲೆ ಆ ಪುಟಕ್ಕೆ ತೆರೆದಿಟ್ಟೆ. ಕೂತುಕೊಳ್ಳಿ ಎಂದು ಅವರು ಹೇಳುವ ಮೊದಲೇ ಕೂತೆ.

ಪೆನ್ಸಿಲ್ ಸಾಲಿನ ಮೇಲೆ ಬೆರಳಿಟ್ಟರು.

"ಇದು ಇನ್ನೂ ಇದೆಯಾ?"

"ನಾನು ಯಾವುದನ್ನೂ ಬಿಸಾಡಲ್ಲ ಸರ್."

"ಆಗ ಮೂರು ಪ್ರಬಂಧ ಅಚ್ಚಿಗೆ ಹೋಗಿತ್ತು. ಇಬ್ಬರಿಗೆ ಅದರ ಮೇಲೇ ಡಿಗ್ರಿ ಸಿಕ್ಕಿತ್ತು. ಇನ್ನೊಂದು ವಾರ ಬಿಟ್ಟು ಸರಿಯಾಗಿ ಪರೀಕ್ಷೆ ಮಾಡೋಣ ಅಂದ್ಕೊಂಡೆ. ಆ ವಾರ ಬರ್ಲೇ ಇಲ್ಲ."

"ಮತ್ತೆ ಯಾಕೆ ಬರೆದಿಟ್ರಿ?"

"ಬರೀದೆ ಇರೋಕೆ ಆಗ್ಲಿಲ್ಲ. ಹರಿಯೋಕೂ ಆಗ್ಲಿಲ್ಲ."

ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಅಯ್ಯೋ ಅನಿಸಿತು. ಆದರೂ ಪುಸ್ತಕವನ್ನು ಅಲ್ಲಿ ಬಿಡದೆ ಎತ್ತಿಕೊಂಡು ಬಂದೆ. ಯಾಕೆಂದು ಗೊತ್ತಿಲ್ಲ.

ಏಪ್ರಿಲ್ 3, ಬುಧವಾರ

ಪಾದರಸಳಿಗೆ ಪುಟ ತೋರಿಸಿದೆ. "ಅಕ್ಕಾ, ಅವ್ರಿಗೆ ಗೊತ್ತಿತ್ತಾ?" ಎಂದಳು. ಆಮೇಲೆ ಇಬ್ಬರೂ ಕೂತು ಪಟ್ಟಿ ಮಾಡಿದೆವು: ಹತ್ತರಿಂದ ನೂರು ನ್ಯಾನೋಮೀಟರ್‌ವರೆಗೆ ನಲವತ್ತು ಪದರ, ಎಲ್ಲ ಮತ್ತೆ ಮೊದಲಿನಿಂದ. ಅವಳು ಇಪ್ಪತ್ತು ಸಾಕು ಎಂದಳು. ಸಾಲದು ಎಂದೆ.

ಏಪ್ರಿಲ್ 10, ಬುಧವಾರ

ಹದಿನೇಳು ಪದರ ಮುಗಿದಿವೆ.

ಪ್ರೊಫೆಸರು ಒಂದು ಹಾಳೆ ಕೊಟ್ಟರು. ಪತ್ರಿಕೆಗೆ ಕಳಿಸುವ ತಿದ್ದುಪಡಿಯ ಕರಡಂತೆ, ಓದಿ ಸಹಿ ಹಾಕಬೇಕಂತೆ. ಪರವಾಗಿಲ್ಲ, ಒಪ್ಪಿಕೊಳ್ಳುತ್ತಿದ್ದಾರೆ ಎಂದು ಓದಿದೆ. ಮೂರನೆಯ ಸಾಲನ್ನು ಎರಡು ಸಲ ಓದಿದೆ. "ತಾಂತ್ರಿಕ ಸಹಾಯಕಿಯ ಅಜಾಗರೂಕತೆಯಿಂದ ಉಂಟಾದ ಈ ದೋಷ ಇತ್ತೀಚೆಗಷ್ಟೇ ನಮ್ಮ ಗಮನಕ್ಕೆ ಬಂದಿದೆ."

ಹತ್ತೊಂಬತ್ತು ವರ್ಷದಲ್ಲಿ ಅವರ ಯಾವ ಪ್ರಬಂಧದಲ್ಲೂ ನನ್ನ ಹೆಸರಿಲ್ಲ. ಕೊನೆಯಲ್ಲಿ ‘ಅಳತೆಗೆ ನೆರವಾದವರಿಗೆ ಕೃತಜ್ಞತೆ’ ಎಂದು ಬರುತ್ತಿತ್ತು. ಮೊದಲ ಬಾರಿ ಪ್ರಬಂಧದ ಒಳಗೆ ಬಂದಿದ್ದೇನೆ. ಬಂದದ್ದು ಹೀಗೆ.

"ನಾಳೆ ಕೊಡ್ತೀನಿ ಸರ್" ಎಂದು ತಂದೆ.

ಮನೆಯಲ್ಲಿ ಓದಿ ಹೇಳಿದಾಗ ಇವರು ಕುರ್ಚಿ ತಳ್ಳಿ ಎದ್ದರು. ಅತ್ತೆ ಮಾತ್ರ ತಣ್ಣಗೆ, "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡೋರು ಅವರು. ಈಗ ದೀಪ ಹಚ್ಚಲಿಲ್ಲ ಅಂತ ನಿನ್ನ ಬೈತಾರೇನೇ?" ಎಂದರು.

"ಗ್ರೀಸ್ ಹಚ್ಚಿದ್ದು ನಾನೇ ಅಲ್ವಾ ಅತ್ತೆ?"

"ಹಚ್ಚಿದ್ದಷ್ಟು ಒಪ್ಕೋ. ಹಚ್ಚದೇ ಇದ್ದದ್ದನ್ನ ಯಾಕೆ ಒಪ್ಕೋತೀಯ?"

ಏಪ್ರಿಲ್ 11, ಗುರುವಾರ

ಹಾಳೆ ವಾಪಸು ಕೊಟ್ಟೆ. ಮೊದಲರ್ಧ ಹಾಗೇ ಬಿಟ್ಟಿದ್ದೆ. ‘ಇತ್ತೀಚೆಗಷ್ಟೇ’ ಎನ್ನುವುದನ್ನು ಹೊಡೆದು ‘ನಾಲ್ಕು ವರ್ಷಗಳ ಹಿಂದೆ’ ಎಂದು ಬರೆದಿದ್ದೆ. ಸಹಿ ಹಾಕಿರಲಿಲ್ಲ. ಅವರು ಅದನ್ನು ನೋಡಿ ಡ್ರಾಯರಿನೊಳಗೆ ಇಟ್ಟರು.

ಮಧ್ಯಾಹ್ನ ಇಪ್ಪತ್ತೆರಡು ನ್ಯಾನೋಮೀಟರಿನ ಪದರದಲ್ಲಿ ದೂಳು ಬಿದ್ದಿತ್ತು. ಮತ್ತೆ ಮಾಡಿದೆ.

ಏಪ್ರಿಲ್ 26, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯಬೇಕು.

ಸಭಾಂಗಣ ತುಂಬಿತ್ತು. ಹಿಂದೆ ಕಲಿತು ಹೋದವರೆಲ್ಲ ಬಂದಿದ್ದರು. ಪಾದರಸಳೂ ನಾನೂ ಆರನೆಯ ಸಾಲಿನಲ್ಲಿ ಕೂತಿದ್ದೆವು. ಪರದೆಯ ಮೇಲೆ ಮೊದಲು ಆ ಹಳೆಯ ಗ್ರಾಫ್ ಬಂತು. ಚಪ್ಪಾಳೆ. ಪ್ರೊಫೆಸರು ಕೈಯೆತ್ತಿ ನಿಲ್ಲಿಸಿದರು. ಮುಂದಿನ ಚಿತ್ರಕ್ಕೆ ಹೋದಾಗ ನಾನು ಮುಂದಕ್ಕೆ ಬಾಗಿ ನೋಡಿದೆ: ಹಳೆಯ ಗೆರೆಯ ಮೇಲೆ ಕೆಂಪು ಚುಕ್ಕಿಗಳು, ನನ್ನ ನಲವತ್ತು. ಕಳೆದ ವಾರ ಅವರ ಮೇಜಿನ ಮೇಲೆ ನಾನೇ ಇಟ್ಟು ಬಂದಿದ್ದೆ. ಅವರು ಬಳಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಇಷ್ಟು ವರ್ಷ ನಮ್ಮನ್ನ ಒಂದು ಡಬ್ಬಿ ಗ್ರೀಸ್ ಏಮಾರಿಸ್ತು" ಎಂದರು. ಕತೆ ಹೇಳುವುದರಲ್ಲಿ ಅವರು ನಿಸ್ಸೀಮರು. ಜನ ಪ್ರೀತಿಯಿಂದ ನಕ್ಕರು. ಇಳಿಕೆ ಇದೆ, ಆದರೆ ಅರ್ಧಕ್ಕಿಂತ ಕಡಿಮೆ ಎಂದು ವಿವರಿಸಿದರು. ಎಲ್ಲ ಸರಿಯಾಗಿಯೇ ಹೇಳಿದರು. ನನ್ನ ಎದೆಯ ಭಾರ ಇಳಿಯತೊಡಗಿತ್ತು.

ಪ್ರಶ್ನೆಯ ಹೊತ್ತಿನಲ್ಲಿ ಅವರ ಕೊನೆಯ ವಿದ್ಯಾರ್ಥಿ ಎದ್ದು ನಿಂತ. ಜೂನ್‌ನಲ್ಲಿ ಅವನು ಥೀಸಿಸ್ ಕೊಡಬೇಕು. ಅದರ ಎರಡು ಅಧ್ಯಾಯ ಎಪ್ಪತ್ತೆರಡರ ಮೇಲೇ ನಿಂತಿವೆ.

"ಸರ್, ಇದು ಯಾವಾಗ ಗೊತ್ತಾಯ್ತು?"

ಪ್ರೊಫೆಸರು ನೀರು ಕುಡಿದರು. "ಇತ್ತೀಚೆಗೆ. ಒಂದು ತಿಂಗಳಾಗಿರ್ಬಹುದು."

"ಇಲ್ಲ. ನಾಲ್ಕು ವರ್ಷ ಆಯ್ತು."

ಇಡೀ ಸಭೆ ತಿರುಗಿ ನನ್ನನ್ನು ನೋಡಿದ ಮೇಲೇ ಅದು ನನ್ನ ಧ್ವನಿ ಎಂದು ನನಗೆ ತಿಳಿದದ್ದು. ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ!

"ಗ್ರೀಸ್ ಹಚ್ಚಿದ್ದು ನಾನು" ಎಂದೆ. "ಹನ್ನೊಂದು ವರ್ಷ ಹಚ್ಚಿದೀನಿ. ಅದು ನನ್ನ ತಪ್ಪು. ಆದ್ರೆ ನಾಲ್ಕು ವರ್ಷದ ಹಿಂದೆ ಎರಡು ಮಾದರಿ ಅಳೆದೆ. ಒಂದು ಡಬ್ಬಿಯೊಳಗೆ ಇಟ್ಟದ್ದು, ಒಂದು ತೆರೆದಿಟ್ಟದ್ದು. ಯಾವುದು ಯಾವುದು ಅಂತ ನಂಗೆ ಗೊತ್ತಿರಲಿಲ್ಲ. ಸರ್‌ಗೆ ಗೊತ್ತಿತ್ತು. ಪುಸ್ತಕದಲ್ಲಿದೆ."

ಪಾದರಸ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಆ ವಿದ್ಯಾರ್ಥಿ ನಿಧಾನವಾಗಿ ಹೇಳಿದ: "ನಾನು ಸೇರಿದ್ದು ಮೂರು ವರ್ಷದ ಹಿಂದೆ, ಸರ್."

ಪ್ರೊಫೆಸರು ವೇದಿಕೆಯ ಮೇಲಿದ್ದ ಕುರ್ಚಿಯಲ್ಲಿ ಕೂತುಬಿಟ್ಟರು. ಮೈಕು ದೂರದಲ್ಲಿತ್ತು. ಆದರೂ ಎಲ್ಲರಿಗೂ ಕೇಳಿಸಿತು.

"ಅವರು ಹೇಳಿದ್ದು ಸರಿ. ಗೊತ್ತಿತ್ತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಗುಸುಗುಸು ಎನ್ನುತ್ತ ಎದ್ದು ಹೋದರು. ಕೆಲವರು ನನ್ನನ್ನು ಸುತ್ತಿ ಬಳಸಿ ಹೋದರು, ಜಾರುವ ನೆಲದ ಹಾಗೆ. ಮುಂಚೆ ಕಲಿತು ಹೋದವರೊಬ್ಬರು ಹತ್ತಿರ ಬಂದು, "ವಯಸ್ಸಾದ ಮನುಷ್ಯನ ಕೊನೇ ದಿನ. ಇವತ್ತೇ ಹೇಳ್ಬೇಕಿತ್ತಾ?" ಎಂದರು.

ಏಪ್ರಿಲ್ 27, ಶನಿವಾರ

ಊಟ ಸೇರಲಿಲ್ಲ. ಇವರು ಏನೂ ಕೇಳದೆ ಪಾತ್ರೆ ತೊಳೆದಿಟ್ಟರು.

ಮೇ 6, ಸೋಮವಾರ

ತಿದ್ದುಪಡಿ ಹೋಯಿತು. ಕರಡು ಪ್ರೊಫೆಸರು ಹೊಸದಾಗಿ ಬರೆದದ್ದು. ‘ನಾಲ್ಕು ವರ್ಷಗಳ ಹಿಂದೆ’ ಎನ್ನುವುದು ಅದರಲ್ಲಿದೆ. ‘ಅಜಾಗರೂಕತೆ’ ಎನ್ನುವ ಮಾತೂ ಇದೆ. ಈಗ ಅದು ಇಬ್ಬರಿಗೂ ಸೇರಿದೆ. ಅದಕ್ಕೆ ಸಹಿ ಹಾಕಿದೆ. ಬರೆದವರ ಸಾಲಿನಲ್ಲಿ ಮೂರು ಹೆಸರು: ಪಾದರಸಳದು, ನನ್ನದು, ಅವರದು ಕೊನೆಗೆ. ಆ ಕ್ರಮ ಅವರೇ ಹಾಕಿದ್ದಂತೆ.

ವಿದ್ಯಾರ್ಥಿಗೆ ಇನ್ನಾರು ತಿಂಗಳು ಅವಕಾಶ ಕೊಟ್ಟಿದ್ದಾರೆ. ಅವನು ನನ್ನ ಜೊತೆ ಮಾತಾಡುವುದಿಲ್ಲ. ಬಿಲ್ಲೆಗಳನ್ನು ಮೇಜಿನ ಮೇಲಿಟ್ಟು ಹೋಗುತ್ತಾನೆ, ನಾನು ಅಳೆದು ಇಡುತ್ತೇನೆ. ಅವನ ಸಿಟ್ಟು ನನ್ನ ಮೇಲೋ ಅವರ ಮೇಲೋ ಅವನಿಗೂ ಗೊತ್ತಿದ್ದ ಹಾಗಿಲ್ಲ. ಇರಲಿ.

ಪ್ರೊಫೆಸರು ಇವತ್ತು ಪುಸ್ತಕಗಳನ್ನು ಒಯ್ಯಲು ಬಂದಿದ್ದರು. ನಾನು ಯಂತ್ರದ ಮುಂದೆ ಇದ್ದೆ. ಬಾಗಿಲಲ್ಲೇ ನಿಂತರು.

"ನಿಮ್ಮ ಹತ್ತು ನ್ಯಾನೋಮೀಟರ್ ಚುಕ್ಕಿ ಸ್ವಲ್ಪ ಮೇಲಿದೆ ಅನ್ಸತ್ತೆ. ನಂಬ್ತೀರಾ ಅದನ್ನ?"

"ಎರಡು ಡಿಗ್ರಿ ಆಚೀಚೆ ಆಗ್ಬಹುದು ಸರ್. ಅಷ್ಟು ತೆಳ್ಳಗಾದ್ರೆ ಬಿಲ್ಲೆಗೆ ಅಂಟಿದ ಅಣುಗಳೂ ಲೆಕ್ಕಕ್ಕೆ ಬರ್ತಾವಲ್ಲ, ಅವು ಹಿಡಿದಿಟ್ಟುಕೋತಾವೋ ಏನೋ. ಇನ್ನೂ ನೋಡ್ಬೇಕು."

ಅವರು ಜೇಬಿನಿಂದ ಪೆನ್ಸಿಲ್ ತೆಗೆದು ಕೈಯಲ್ಲಿದ್ದ ಪುಸ್ತಕವೊಂದರ ಹಿಂದೆ ಅದನ್ನು ಬರೆದುಕೊಂಡರು. ಬರುತ್ತೇನೆ ಎಂದರು. ಹೋದರು. ಕಾರಿಡಾರಿನಲ್ಲಿ ಹೆಜ್ಜೆ ಸದ್ದು ನಿಲ್ಲುವವರೆಗೆ ಯಂತ್ರದ ಕಡೆಗೆ ನನ್ನ ಗಮನವೇ ಇರಲಿಲ್ಲ. ಗೆರೆ ಮುರಿದದ್ದನ್ನು ಪಾದರಸ ಹೇಳಬೇಕಾಯಿತು.

ಹತ್ತಕ್ಕಿಂತ ಕೆಳಗೆ ಇಲ್ಲಿ ಯಾರೂ ಇಳಿದಿಲ್ಲ. ನಾಳೆ ದ್ರಾವಣವನ್ನು ಇನ್ನೂ ತೆಳು ಮಾಡಿ ಎಂಟು ನ್ಯಾನೋಮೀಟರ್ ಹರಡಿ ನೋಡುತ್ತೇನೆ. ಬೆಳಿಗ್ಗೆ ಬೇಗ ಹೋಗಬೇಕು.